ಬೀಗಿತಿಯ ಭಾಷೆ



ಈ ಸಲ ನಮ್ಮ ಅಂಕಣದಲ್ಲಿ ಉಪ್ಪಿನಕಾಯಿಯಿಲ್ಲ, ಹಪ್ಪಳ ಸಂಡಿಗೆಯಿಲ್ಲ. ಒಂದು ಭಾಷೆಯ ವಿಷಯ ಇದೆ. ಅದೂ ಸ್ಪ್ಯಾನಿಷ್ ಭಾಷೆ. "ಹೊಸದುರ್ಗದಲ್ಲಿ ಕೂತ್ಕೊಂಡು ಸ್ಪ್ಯಾನಿಷ್ಷಾ? ಇವಳಿಗೇನು ಬೇರೆ ಕೆಲಸ ಇಲ್ವಾ?" ಅಂತ ಮೂಗು ಮುರಿಯಬೇಡಿ. ಪೂರ್ತಿ ಓದಿ, ಆಮೇಲೆ ಬೇಕಾದರೆ ಮುರಿಯಿರಿ! ಕೊನೆಗೊಂದು ಪಾಯಸವೂ ಸಿಗುತ್ತೆ.

ಕಾರಣ ಹೇಳುತ್ತೇನೆ. ನನ್ನ ಅಕ್ಕನ ಮಗ ಕೆಲಸದ ಮೇಲೆ ಸ್ಪೇನ್ ದೇಶಕ್ಕೆ ಹೋದವನು ಅಲ್ಲಿನ ವಲೆನ್ಸಿಯಾ ಊರಿನ ಹುಡುಗಿಯನ್ನು ಮೆಚ್ಚಿ ಮದುವೆಯಾದ. ಹುಡುಗಿ ಬಹಳ ಒಳ್ಳೆಯವಳು. ಇಂಗ್ಲಿಷ್ ಬರುತ್ತೆ, ಕನ್ನಡವನ್ನೂ ಅಷ್ಟಿಷ್ಟು ಕಲಿಯುತ್ತಿದ್ದಾಳೆ. ತೊಡಕು ಬಂದದ್ದು ಬೀಗಿತಿಯರ ನಡುವೆ. ಹುಡುಗಿಯ ತಾಯಿಗೆ ಇಂಗ್ಲಿಷೂ ಬಾರದು, ಕನ್ನಡವೂ ಬಾರದು. ನಮ್ಮಕ್ಕನಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ಭಾನುವಾರ ಬಂತೆಂದರೆ ಫೋನಿನ ಪರದೆಯಲ್ಲಿ ಇಬ್ಬರು ತಾಯಂದಿರು ಎದುರುಬದುರಾಗಿ ಕೂತು ನಗುವುದು, ಕೈ ಆಡಿಸುವುದು, ಮತ್ತೆ ನಗುವುದು. ನಡುವೆ ಮಗ ದುಭಾಷಿ.

ಮಗನ ಮೂಲಕ ಕೇಳಬಹುದಾದ ಮಾತು ಎಷ್ಟು, ಕೇಳಲಾಗದ ಮಾತು ಎಷ್ಟು ಅನ್ನೋದು ಹೆತ್ತವರಿಗೆಲ್ಲ ಗೊತ್ತು. "ನನ್ನ ಮಗಳು ನಿಮ್ಮ ಮನೆಗೆ ಹೊಂದಿಕೊಂಡಾಳಾ? ಅಷ್ಟು ದೂರ ಕಳಿಸಿದ್ದೀರಲ್ಲ, ನಿಮ್ಮ ಹೊಟ್ಟೆ ಉರಿಯಲ್ವಾ?" ಇದನ್ನೆಲ್ಲ ಮಗ ಹೇಗೆ ಅನುವಾದ ಮಾಡ್ತಾನೆ ಹೇಳಿ? ಮೊಬೈಲಿನಲ್ಲಿ ತಾನಾಗಿ ಅನುವಾದ ಮಾಡುವ ಸೌಕರ್ಯವಿದೆ, ನಿಜ. ಬಸ್ಸು ಯಾವುದು, ಔಷಧಿ ಯಾವುದು ಅಂತ ಕೇಳಲು ಅದು ಸಾಕು. ಕಷ್ಟಸುಖ ಹೇಳಿಕೊಳ್ಳುವಾಗ ನಡುವೆ ಯಂತ್ರ ಬಂದು ನಿಂತರೆ ಮಾತಿನ ಬಿಸಿ ಆರಿಹೋಗುತ್ತೆ.

ಮನೆಯ ಹಿರಿಯರು ಕೆಲವರು, "ಅವಳೇ ಕನ್ನಡ ಕಲೀಲಿ ಬಿಡ್ರೇ, ಸೊಸೆ ತಾನೆ ಹೊಂದ್ಕೋಬೇಕು" ಅಂದರು. ಈ ಮಾತು ನನಗೆ ಹಿಡಿಸಲಿಲ್ಲ. ಯಾವ ಕಾಲದಿಂದಲೂ ಭಾಷೆ ಕಲಿಯುವ ಭಾರ ಬಂದ ಹೆಣ್ಣಿನ ಮೇಲೆಯೇ. ಆಕೆ ನಮ್ಮ ಕಡೆಗೆ ಹತ್ತು ಹೆಜ್ಜೆ ಬಂದರೆ ನಾವು ಎರಡಾದರೂ ಹೆಜ್ಜೆ ಎದುರು ಹೋಗಬೇಡವೇ? ಹಾಗಂತ ನಾನು, ಎಸ್ಸೆಸ್ಸೆಲ್ಸಿ ಓದಿದವಳು, ಈಗ್ಗೆ ಒಂದೂವರೆ ವರ್ಷದ ಹಿಂದೆ ಹೊರಟೆ. ಮೇಷ್ಟ್ರಿಲ್ಲ, ಟ್ಯೂಷನ್ ಇಲ್ಲ. ಕೇಳಿದ್ದು, ಓದಿದ್ದು, ಅಷ್ಟೇ.

ಇದು ನಮಗೆ ಹೊಸ ವಿದ್ಯೆಯೇನಲ್ಲ

ನಮ್ಮ ಜಿಲ್ಲೆಯನ್ನೇ ನೋಡಿ. ಚಳ್ಳಕೆರೆ, ಮೊಳಕಾಲ್ಮೂರಿನ ಕಡೆ ತೆಲುಗು ಮಾತಿನ ಮನೆಗಳು ಎಷ್ಟೋ ಇವೆ. ಅಂಥ ಮನೆಗೆ ಸೊಸೆಯಾಗಿ ಹೋದ ಕನ್ನಡದ ಹುಡುಗಿಗೆ ಯಾರು ತೆಲುಗಿನ ಪುಸ್ತಕ ಕೊಟ್ಟರು? ಅತ್ತೆ "ನೀಳ್ಳು" ಎಂದು ಬಿಂದಿಗೆ ತೋರಿಸಿದರು, ಇವಳಿಗೆ ನೀರು ಎಂದು ಗೊತ್ತಾಯಿತು. ಆರು ತಿಂಗಳು ಕೇಳಿಸಿಕೊಂಡಳು, ವರ್ಷ ಕಳೆಯುವಷ್ಟರಲ್ಲಿ ತೆಲುಗಿನಲ್ಲೇ ಚೌಕಾಸಿ ಮಾಡಿದಳು. ನಮ್ಮ ಸಂತೆಗೆ ಬರುವ ತಾಂಡಾದ ಹೆಣ್ಣುಮಕ್ಕಳು ಮನೆಯಲ್ಲಿ ಲಂಬಾಣಿ ಆಡುತ್ತಾರೆ, ಸಂತೆಯಲ್ಲಿ ಕನ್ನಡ ಆಡುತ್ತಾರೆ. ಕಿವಿಯೇ ಅವರ ಶಾಲೆ. ಇದನ್ನು ಯಾರೂ ವಿದ್ಯೆ ಎಂದು ಲೆಕ್ಕಕ್ಕೆ ಹಿಡಿಯಲಿಲ್ಲ, ನಾವೂ ಹಿಡಿಯಲಿಲ್ಲ. ಅಷ್ಟೇ ವ್ಯತ್ಯಾಸ.

ಓದಿ ಕಲಿತವರೂ ನಮ್ಮಲ್ಲಿದ್ದಾರೆ. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು (1883–1963) ತಂದೆ ತೀರಿಕೊಂಡ ಕಾರಣ ಬಿ.ಎ. ಪದವಿ ಮುಗಿಸಲಾಗದೆ ಊರಿಗೆ ಮರಳಿದವರು. ಆಮೇಲೆ ಮನೆಯಲ್ಲೇ ಕೂತು ಪುಸ್ತಕ ತರಿಸಿಕೊಂಡು ಓದಿ ಓದಿ ಇಪ್ಪತ್ತಕ್ಕೂ ಮಿಕ್ಕಿ ಭಾಷೆಗಳ ಪರಿಚಯ ಮಾಡಿಕೊಂಡರಂತೆ. ಅವರ ಮಟ್ಟ ನಮಗೆಲ್ಲಿ ಬಂತು? ಆದರೆ ದಾರಿ ಅದೇ.

ಇನ್ನು ಸ್ಪ್ಯಾನಿಷ್ ನಮ್ಮ ಕಡೆಯವರಿಗೆ ಎಟುಕದ ಭಾಷೆ ಅನ್ನಬೇಡಿ. ನಮ್ಮ ಜಿಲ್ಲೆಯ ಪಕ್ಕದ್ದೇ ಅನಂತಪುರ. ಬಾರ್ಸಿಲೋನಾದಲ್ಲಿ ಹುಟ್ಟಿದ ವಿಸೆಂತೆ ಫೆರ್ರೆರ್ ಎಂಬುವರು 1952ರಲ್ಲಿ ಭಾರತಕ್ಕೆ ಬಂದು, 1969ರಲ್ಲಿ ಅನಂತಪುರದಲ್ಲಿ ನೆಲೆಸಿ, 2009ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿನ ಬಡವರಿಗಾಗಿ ದುಡಿದರು. ಅವರು ಕಟ್ಟಿದ ಸಂಸ್ಥೆಯಲ್ಲಿ ತೆಲುಗಿನ ಹಳ್ಳಿಯ ಹುಡುಗ ಹುಡುಗಿಯರು ಸ್ಪ್ಯಾನಿಷ್ ಕಲಿತು, ಸ್ಪೇನಿನಿಂದ ಬಂದವರಿಗೆ ದುಭಾಷಿಗಳಾಗಿದ್ದಾರೆ. ರಾಗಿ, ಕಡಲೆಕಾಯಿ ಬೆಳೆಯುವ ಆ ಬಯಲುಸೀಮೆಯ ಮಕ್ಕಳ ನಾಲಿಗೆಗೆ ಒಗ್ಗಿದ ಭಾಷೆ ನಮ್ಮ ನಾಲಿಗೆಗೆ ಒಗ್ಗದೇ?

ಮೊದಲು ಕಿವಿ

ಮೊದಲ ಎರಡು ತಿಂಗಳು ಪುಸ್ತಕ ಮುಟ್ಟಬೇಡಿ, ಬರೀ ಕೇಳಿ. ಆದರೆ ಏನು ಕೇಳಬೇಕು ಅನ್ನೋದು ಮುಖ್ಯ. ಸುದ್ದಿ, ಸಿನಿಮಾ, ಹಾಡು ಮೊದಲಿಗೆ ಬೇಡ. ಅವು ಜಡಿಮಳೆಯ ಹಾಗೆ ಸುರಿದು ಹರಿದುಹೋಗುತ್ತವೆ, ನೆಲಕ್ಕೆ ಇಂಗುವುದಿಲ್ಲ. ನಮಗೆ ಬೇಕಾದ್ದು ಸೋನೆಮಳೆ. ಹೇಳುವವರು ನಿಧಾನವಾಗಿ ಹೇಳಬೇಕು, ಚಿತ್ರ ಬರೆದೋ, ವಸ್ತು ತೋರಿಸಿಯೋ, ಕೈಸನ್ನೆ ಮಾಡಿಯೋ ಹೇಳಬೇಕು. ಯೂಟ್ಯೂಬಿನಲ್ಲಿ ಡ್ರೀಮಿಂಗ್ ಸ್ಪ್ಯಾನಿಷ್ ಎಂಬ ಚಾನೆಲ್ ಇದೆ. ಏನೇನೂ ಬಾರದವರಿಗೆಂದೇ ಮಾಡಿದ ಪಾಠಗಳು ಅದರಲ್ಲಿವೆ. ನಡುವೆ ಇಂಗ್ಲಿಷ್ ಇಲ್ಲ, ಆದ್ದರಿಂದ ಇಂಗ್ಲಿಷ್ ಬಾರದವರಿಗೂ ಅಡ್ಡಿಯಿಲ್ಲ. ಹಾಲುಗಲ್ಲದ ಮಗುವಿಗೆ "ಕಾಗೆ ನೋಡು, ಕಾಗೆ ಬಂತು, ಕಾಗೆ ಹೋಯ್ತು" ಅಂತ ನಾವು ಹೇಳ್ತೀವಲ್ಲ, ಅದೇ ರೀತಿ.

ಅಮೆರಿಕದ ಸ್ಟೀಫನ್ ಕ್ರಾಷೆನ್ ಎಂಬ ಪಂಡಿತರು 1982ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನೇ ಸಿದ್ಧಾಂತವಾಗಿ ಹೇಳಿದ್ದಾರೆ. ವ್ಯಾಕರಣ ಉರು ಹೊಡೆಯುವುದರಿಂದ ಭಾಷೆ ಬರುವುದಿಲ್ಲ, ಅರ್ಥವಾಗುವ ಮಾತನ್ನು ಹೆಚ್ಚು ಹೆಚ್ಚು ಕೇಳಿ, ಓದಿ ಬರುತ್ತದೆ. ಕೇಳುವ ಮಾತು ನಮಗೆ ಬರುವುದಕ್ಕಿಂತ ಒಂದೇ ಒಂದು ಮೆಟ್ಟಿಲು ಮೇಲಿರಬೇಕು, ಎಂಬುದು ಅವರ ವಾದ. ಆಡಿ ರೂಢಿಯಾಗುವುದೂ ಬೇಕೇ ಬೇಕು ಎಂದು ಹೇಳುವ ಪಂಡಿತರೂ ಇದ್ದಾರೆ. ಎರಡೂ ಮಾತು ನಮ್ಮ ಅಜ್ಜಿಯರಿಗೆ ಒಪ್ಪಿಗೆಯಾಗುವಂಥವೇ.

ಹೊತ್ತೆಲ್ಲಿದೆ ಅಂತೀರಾ? ಬೆಳಿಗ್ಗೆ ತರಕಾರಿ ಹೆಚ್ಚುವಾಗ ಹದಿನೈದು ನಿಮಿಷ, ಮಧ್ಯಾಹ್ನ ಪಾತ್ರೆ ತೊಳೆದು ಕಾಲು ಚಾಚಿದಾಗ ಹದಿನೈದು ನಿಮಿಷ. ಮಧ್ಯಾಹ್ನ ಚಿತ್ರ ನೋಡುತ್ತಾ ಕೇಳಿ, ಮರುದಿನ ಬೆಳಿಗ್ಗೆ ಅದನ್ನೇ ಬರಿ ಕಿವಿಯಿಂದ ಕೇಳಿ. ಒಂದೇ ಪಾಠವನ್ನು ನಾಲ್ಕು ದಿನ ಕೇಳಿದರೂ ನಷ್ಟವಿಲ್ಲ. ರೊಟ್ಟಿ ತಟ್ಟುವಾಗ ಎಣಿಸಿ: ಉನೋ, ದೋಸ್, ತ್ರೇಸ್, ಕ್ವಾತ್ರೋ, ಸಿಂಕೋ. ದೋಸ್ ಅಂದರೆ ಎರಡು, ದೋಸೆಯಲ್ಲ! ಏಳಕ್ಕೆ ಸಿಯೇತೆ, ಒಂಬತ್ತಕ್ಕೆ ನ್ವೇವೆ, ಹತ್ತಕ್ಕೆ ದಿಯೇಸ್. ನಮ್ಮ ಸಪ್ತ, ನವ, ದಶದ ನೆಂಟರಂತೆ ಕಾಣುತ್ತಾರಲ್ಲವೇ? ನೆಂಟರೇ. ಸಂಸ್ಕೃತವೂ, ಸ್ಪ್ಯಾನಿಷ್‌ನ ತಾಯಿಯಾದ ಲ್ಯಾಟಿನ್ನೂ ಒಂದೇ ದೊಡ್ಡ ಕುಟುಂಬದವು.

ಕನ್ನಡದವರಿಗೆ ಇರುವ ಅನುಕೂಲ

ಇದು ನನಗೆ ಬಹಳ ಖುಷಿ ಕೊಟ್ಟ ವಿಷಯ. ಇಂಗ್ಲಿಷ್ ಬರುವವರಿಗಿಂತ ಕನ್ನಡ ಬರುವವರಿಗೆ ಸ್ಪ್ಯಾನಿಷ್‌ನ ಕೆಲವು ಸಂಗತಿ ಬೇಗ ಹಿಡಿಸುತ್ತವೆ.

ಮೊದಲನೆಯದು ಉಚ್ಚಾರ. ಅದರಲ್ಲಿರುವುದು ಐದೇ ಸ್ವರ: ಅ, ಎ, ಇ, ಒ, ಉ. ತ, ದ ನಮ್ಮವೇ, ಹಲ್ಲಿಗೆ ನಾಲಿಗೆ ತಾಗಿಸಿದರಾಯಿತು. ಬಾಲಬೋಧೆಯಲ್ಲಿ ಞ ಅಕ್ಷರ ತಿದ್ದಿದ್ದೇ ತಿದ್ದಿದ್ದು, ಅದಕ್ಕೊಂದು ಪದ ಹುಡುಕಲು ಮೇಷ್ಟ್ರೇ ತಿಣುಕುತ್ತಿದ್ದರು. ಸ್ಪ್ಯಾನಿಷ್‌ನಲ್ಲಿ ಅದಕ್ಕೆ ಕೈತುಂಬ ಕೆಲಸ. ಅಮ್ಮಾವ್ರೇ ಅನ್ನಲು ಸೆಞೋರಾ, ನಾಳೆ ಅನ್ನಲು ಮಞಾನಾ. ಬರೆದಂತೆ ಓದುವುದೂ ಹೆಚ್ಚುಕಡಿಮೆ ಕನ್ನಡದಂತೆಯೇ. ನಾಲ್ಕಾರು ನಿಯಮ ಕಲಿತರೆ ಯಾವ ಪದವನ್ನಾದರೂ ಓದಬಹುದು. ಇಂಗ್ಲಿಷಿನ ಹೆಚ್ ಅಕ್ಷರ ಅಲ್ಲಿ ಮೂಗ, ಜೆ ಅಕ್ಷರಕ್ಕೆ ಗಂಟಲಿನಿಂದ ಬರುವ ಹ, ಎರಡು ಎಲ್ ಸೇರಿದರೆ ಯ, ವಿ ಅಕ್ಷರವೂ ಬ ಎಂದೇ. ಆದ್ದರಿಂದ ಮೇಲೆ ಬರೆದ ನ್ವೇವೆಯನ್ನು ಬಾಯಲ್ಲಿ ನ್ವೇಬೆ ಅನ್ನಬೇಕು. ಜೆಡ್ ಅಕ್ಷರವನ್ನು ಸ್ಪೇನಿನ ಬಹುಪಾಲು ಕಡೆ ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ತಂದು ಹೇಳುತ್ತಾರೆ, ಮೆಕ್ಸಿಕೋ ಮುಂತಾದ ಕಡೆ ಸ ಎನ್ನುತ್ತಾರೆ. ಎರಡೂ ಸರಿ. ನಾನಿಲ್ಲಿ ಸ ಎಂದೇ ಬರೆಯುತ್ತೇನೆ.

ಎರಡನೆಯದು ಮಾತಿನ ಕಟ್ಟು. ನಾವು "ಬರ್ತೀನಿ" ಅಂದರೆ ಸಾಕು, "ನಾನು" ಅನ್ನುವುದು ಬೇಕಿಲ್ಲ. ಅಲ್ಲೂ ಹಾಗೇ. ಕಿಯೇರೋ ಆಗ್ವಾ ಅಂದರೆ "ನೀರು ಬೇಕು". ನಾವು "ನನಗೆ ಕಾಫಿ ಇಷ್ಟ" ಅನ್ನುತ್ತೇವೆ. ಅವರು ಮೇ ಗುಸ್ತಾ ಎಲ್ ಕಫೆ ಅನ್ನುತ್ತಾರೆ. ಮೇ ಅಂದರೆ ನನಗೆ! ನಮ್ಮ ನೀನು, ನೀವು ಇದ್ದ ಹಾಗೆ ಅಲ್ಲಿ ತೂ, ಉಸ್ತೇದ್. ಬೀಗಿತಿಯನ್ನು ಮೊದಲ ದಿನ ಉಸ್ತೇದ್ ಅನ್ನಬೇಕು, ಅವರಾಗಿ ಸಲಿಗೆ ಕೊಟ್ಟ ಮೇಲೆ ತೂ.

ಮೂರನೆಯದು ಪದಗಳು. ಗೋವೆಗೆ 1510ರಲ್ಲಿ ಬಂದು ಕೂತ ಪೋರ್ಚುಗೀಸರ ಭಾಷೆ ಸ್ಪ್ಯಾನಿಷ್‌ನ ಒಡಹುಟ್ಟು. ಅವರಿಂದ ನಮ್ಮ ಮನೆ ಹೊಕ್ಕ ಪದಗಳು ಎಷ್ಟೋ. ನಮ್ಮ ಅಲಮಾರು ಅಲ್ಲಿ ಅರ್ಮಾರಿಯೋ, ಬಾಲ್ದಿ ಅಲ್ಲಿ ಬಾಲ್ದೆ, ಪಾದ್ರಿ ಅಲ್ಲಿ ಪಾದ್ರೆ. ಪಗಾರ್ ಅಂದರೆ ಅಲ್ಲಿ ಹಣ ಕೊಡುವುದು. ಸಪೋಟ, ಚಿಕ್ಕು ಎರಡು ಹೆಸರೂ ಮೆಕ್ಸಿಕೋದಿಂದ ಸ್ಪ್ಯಾನಿಷ್‌ನ ಬಾಯಿ ಹಾದು ಬಂದಂಥವು. ನಮ್ಮ ಕಡೆಯಿಂದ ಅಲ್ಲಿಗೆ ಹೋದದ್ದೂ ಇದೆ: ಸಂಸ್ಕೃತದ ಶರ್ಕರಾ ನಮ್ಮಲ್ಲಿ ಸಕ್ಕರೆಯಾಯಿತು, ಪರ್ಷಿಯಾ, ಅರಬಸ್ತಾನ ಸುತ್ತಿ ಸ್ಪೇನಿನಲ್ಲಿ ಅಸೂಕಾರ್ ಆಯಿತು.

ಎಲ್ಲಕ್ಕಿಂತ ನನಗೆ ಹಿಡಿಸಿದ ಪದ ಕೊನ್ಸ್ವೇಗ್ರಾ. ಸ್ವೇಗ್ರಾ ಅಂದರೆ ಅತ್ತೆ, ಕೊನ್ಸ್ವೇಗ್ರಾ ಅಂದರೆ ಬೀಗಿತಿ. ಇಂಗ್ಲಿಷಿನಲ್ಲಿ ಬೀಗರಿಗೆ ಒಂದು ನೆಟ್ಟಗಿನ ಪದವಿಲ್ಲ. ಸ್ಪ್ಯಾನಿಷ್‌ನವರಿಗೆ ಇದೆ. ಸಂಬಂಧಕ್ಕೆ ಹೆಸರಿಟ್ಟವರು ಸಂಬಂಧದ ಬೆಲೆ ಬಲ್ಲವರು ಅಂತ ನಮ್ಮಕ್ಕ ಅಂದಳು.

ಕಷ್ಟವೂ ಇದೆ, ಮುಚ್ಚಿಡುವುದಿಲ್ಲ. ಜೀವವಿಲ್ಲದ ವಸ್ತುವಿಗೂ ಅಲ್ಲಿ ಗಂಡು ಹೆಣ್ಣು ಎಂಬ ಭೇದ. ಹಾಲು ಹೆಣ್ಣು, ಲಾ ಲೇಚೆ. ಅಕ್ಕಿ ಗಂಡು, ಎಲ್ ಅರ್ರೋಸ್. ಯಾಕೆ ಅಂತ ಕೇಳಬಾರದು. ಪದ ಕಲಿಯುವಾಗಲೇ ಎಲ್, ಲಾ ಸೇರಿಸಿ ಬಾಯಿಗೆ ರೂಢಿ ಮಾಡಿಕೊಂಡರೆ ಮುಂದೆ ತೊಂದರೆಯಿಲ್ಲ.

ಆಮೇಲೆ ಕಣ್ಣು

ಕಿವಿಗೆ ದನಿ ಪಳಗಿದ ಮೇಲೆ ಓದು. ಮೊದಲೇ ಓದಲು ಹೋದರೆ ಇಂಗ್ಲಿಷ್ ಅಕ್ಷರ ನೋಡಿ ಇಂಗ್ಲಿಷ್ ಉಚ್ಚಾರವೇ ನಾಲಿಗೆಗೆ ಬಂದುಬಿಡುತ್ತೆ. ಓದಲು ಎರಡು ಸುಲಭದ ದಾರಿ ಹೇಳುತ್ತೇನೆ.

ಒಂದು, ಮಕ್ಕಳ ಕಥೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಸ್ಟೋರಿವೀವರ್ ಎಂಬ ಜಾಲತಾಣ ತೆರೆದಿದ್ದಾರೆ. ಚಿತ್ರ ತುಂಬಿದ ಪುಟ್ಟ ಕಥೆಗಳು, ದುಡ್ಡು ಕೊಡಬೇಕಿಲ್ಲ. ಕನ್ನಡದಲ್ಲೂ ಇವೆ, ಸ್ಪ್ಯಾನಿಷ್‌ನಲ್ಲೂ ಇವೆ. ಎರಡು ಭಾಷೆಯಲ್ಲೂ ಇರುವ ಕಥೆಯೊಂದನ್ನು ಆರಿಸಿಕೊಳ್ಳಿ. ಮೊದಲು ಕನ್ನಡದಲ್ಲಿ ಓದಿ, ಆಮೇಲೆ ಸ್ಪ್ಯಾನಿಷ್‌ನಲ್ಲಿ ಓದಿ. ಕಥೆ ಗೊತ್ತಿರುವುದರಿಂದ ಪದ ತಾನಾಗಿ ಬಿಡಿಸಿಕೊಳ್ಳುತ್ತೆ. ಪ್ರತಿ ಪದಕ್ಕೂ ನಿಘಂಟು ತೆಗೆಯಬೇಡಿ. ಒಂದು ಪುಟಕ್ಕೆ ಮೂರೇ ಪದ ಹುಡುಕುವುದು ಎಂದು ನೇಮ ಇಟ್ಟುಕೊಳ್ಳಿ.

ಇನ್ನೊಂದು, ಅಡುಗೆ ಬರಹ. ಇದು ನಮ್ಮ ರಾಜ್ಯ. ಯಾವ ದೇಶದ ಅಡುಗೆಯಾದರೂ ಹಾಕು, ಕಲಸು, ಬೇಯಿಸು, ಇಳಿಸು, ಇವೇ ಕ್ರಿಯೆಗಳು. ಹತ್ತು ಅಡುಗೆ ಓದುವಷ್ಟರಲ್ಲಿ ನೂರು ಪದ ಕೈಗೆ ಬರುತ್ತವೆ. ಇಲ್ಲೇ ಒಂದನ್ನು ಓದಿನೋಡಿ. ಅರ್ರೋಸ್ ಕೊನ್ ಲೇಚೆ, ಅಂದರೆ ಹಾಲಿನ ಜೊತೆ ಅಕ್ಕಿ. ನಮ್ಮ ಅಕ್ಕಿ ಪಾಯಸದ ಅಕ್ಕ.

ಬೇಕಾಗುವ ಸಾಮಾನು: ಹಾಲು (ಲೇಚೆ) 1 ಲೀಟರ್, ಸಣ್ಣ ದಪ್ಪ ಅಕ್ಕಿ (ಅರ್ರೋಸ್) 100 ಗ್ರಾಂ, ಸಕ್ಕರೆ (ಅಸೂಕಾರ್) 100 ಗ್ರಾಂ, ಚಕ್ಕೆ (ಕನೇಲಾ) ಒಂದು ತುಂಡು, ನಿಂಬೆಯ (ಲಿಮೋನ್) ಹೊರಸಿಪ್ಪೆ ಒಂದು ಚೂರು.

ಮಾಡುವ ವಿಧಾನ: ಕಲಿಯೆಂತಾ ಲಾ ಲೇಚೆ, ಹಾಲು ಕಾಯಿಸಿ. ಚಕ್ಕೆ, ನಿಂಬೆ ಸಿಪ್ಪೆ ಹಾಕಿ. ಸಿಪ್ಪೆಯ ಒಳಗಿನ ಬಿಳಿ ಕಹಿ, ಅದು ಬೇಡ. ರಸವಂತೂ ತಾಗಲೇಬಾರದು, ಹಾಲು ಒಡೆದುಹೋಗುತ್ತೆ. ಅಞಾದೆ ಎಲ್ ಅರ್ರೋಸ್, ಅಕ್ಕಿ ಸೇರಿಸಿ. ರೆಮ್ವೇಬೆ, ತಿರುವುತ್ತಿರಿ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಲಿ. ಅಞಾದೆ ಎಲ್ ಅಸೂಕಾರ್, ಕೊನೆಗೆ ಸಕ್ಕರೆ ಸೇರಿಸಿ, ಐದು ನಿಮಿಷ ಬಿಟ್ಟು ಇಳಿಸಿ, ಚಕ್ಕೆ ಮತ್ತು ಸಿಪ್ಪೆ ತೆಗೆದುಹಾಕಿ. ಸಿರ್ಬೆ ಫ್ರೀಯೋ, ತಣ್ಣಗೆ ಬಡಿಸಿ. ಮೇಲೆ ಒಂದು ಚಿಟಿಕೆ ಚಕ್ಕೆಪುಡಿ.

ನೋಡಿ, ಪಾಯಸವೂ ಆಯಿತು, ಒಂದು ಪಾಠವೂ ಆಯಿತು. "ಅಞಾದೆ" ಎಂಬ ಪದವನ್ನು ನೀವಿನ್ನು ಮರೆಯುವುದಿಲ್ಲ.

ಕೊನೆಗೆ ಬಾಯಿ

ಮಾತಾಡಲು ಅವಸರ ಬೇಡ. ಕಿವಿ ತುಂಬಿದ ಮೇಲೆ ಬಾಯಿ ತಾನಾಗಿ ಬಿಚ್ಚುತ್ತೆ. ಯಾರೂ ಇಲ್ಲದಾಗ ಪಾಠ ಹೇಳುವವರ ಹಿಂದೆ ಹಿಂದೆಯೇ ಗುನುಗಿ. ಬಟ್ಟೆ ಒಗೆಯುವ ಕಲ್ಲಿಗಿಂತ ಒಳ್ಳೆಯ ಜೊತೆ ಯಾವುದಿದೆ? ತಪ್ಪಾದರೆ ಅದು ನಗುವುದಿಲ್ಲ.

ನಾನು ಕಲಿತದ್ದರಲ್ಲಿ ನಾಲ್ಕು ನಾಲ್ಕು ಮಾತನ್ನು ವಾರವಾರ ಅಕ್ಕನಿಗೆ ದಾಟಿಸುತ್ತಾ ಬಂದೆ. ಚೀಟಿಯಲ್ಲಿ ಕನ್ನಡ ಅಕ್ಷರದಲ್ಲೇ ಬರೆದುಕೊಡುತ್ತಿದ್ದೆ. ಸ್ಪೇನಿನ ಗಡಿಯಾರ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಆದ್ದರಿಂದ ನಮ್ಮ ರಾತ್ರಿ ಊಟ ಮುಗಿದ ಹೊತ್ತು ಅವರಿಗೆ ಸಂಜೆ. ಹೋದ ಚಳಿಗಾಲದ ಒಂದು ಭಾನುವಾರ ಮಗ ಮನೆಯಲ್ಲಿರಲಿಲ್ಲ, ಬೀಗಿತಿಯೇ ನೇರವಾಗಿ ಕರೆ ಮಾಡಿದರು. "ಏನ್ಮಾಡ್ಲೇ?" ಅಂತ ಅಕ್ಕ ನನ್ನ ಕಡೆ ನೋಡಿದಳು. "ಮಾತಾಡಕ್ಕಾ, ನಾನಿದ್ದೀನಿ" ಅಂದೆ. ಓಲಾ ಕೊನ್ಸ್ವೇಗ್ರಾ ಅಂದಳು. ಅತ್ತಲಿಂದ ಒಂದು ಚಪ್ಪಾಳೆ! ಆರೋಗ್ಯ ಹೇಗಿದೆ ಅಂತ ಅವರು ಕೇಳಿದ್ದು ನನಗೆ ತಿಳಿಯಿತು, ಅಕ್ಕನಿಗೆ ಹೇಳಿದೆ. ಅಕ್ಕ ಮೊಣಕಾಲು ಮುಟ್ಟಿಕೊಂಡು, ಮೇ ದ್ವೇಲೆ ಲಾ ರೋದಿಯಾ ಅಂದಳು. ಮೊಣಕಾಲು ನೋಯುತ್ತೆ ಅಂತ. ಬೀಗಿತಿ ತಮ್ಮ ಮೊಣಕಾಲು ತಟ್ಟಿಕೊಂಡು, ಅ ಮೀ ತಂಬಿಯೇನ್ ಅಂದರು. "ನನಗೂ" ಅಂತ. ಆಮೇಲೆ ಎಣ್ಣೆ ತಿಕ್ಕುವುದು, ಬಿಸಿನೀರಿನ ಶಾಖ ಎಲ್ಲ ಕೈಸನ್ನೆಯಲ್ಲೇ ನಡೆಯಿತು. ಕೊನೆಗೆ ಆಕೆ ನಿಧಾನವಾಗಿ, ಬಿಡಿಸಿ ಬಿಡಿಸಿ ಒಂದು ಮಾತು ಹೇಳಿದರು. ಮಗಳು ಅಲ್ಲಿ ಬಂದಾಗ ನಿನ್ನನ್ನೇ ತಾಯಿ ಅಂದುಕೊಳ್ಳಲಿ, ಅಂತ ಅದರ ಭಾವ. ಅಕ್ಕನಿಗೆ ನಾನು ಹೇಳಬೇಕಾಗಲಿಲ್ಲ. ಮಾದ್ರೆ ಅನ್ನುವ ಪದ ಅವಳಿಗೆ ಗೊತ್ತಿತ್ತು. ಆ ಮಾತನ್ನು ಮಗ ದುಭಾಷಿಯಾಗಿದ್ದರೆ ಆಕೆ ಹೇಳುತ್ತಿದ್ದರೋ ಇಲ್ಲವೋ.

ಎಷ್ಟು ದಿನ ಬೇಕು?

ಮೂರು ತಿಂಗಳಲ್ಲಿ ಪಂಡಿತರಾಗುವಿರಿ ಎಂದು ಜಾಹೀರಾತುಗಳು ಹೇಳುತ್ತವೆ. ನಂಬಬೇಡಿ. ಅಮೆರಿಕದ ಸರಕಾರ ತನ್ನ ರಾಯಭಾರ ಕಚೇರಿಯ ಇಂಗ್ಲಿಷ್ ಮಾತಿನ ನೌಕರರಿಗೆ ಸ್ಪ್ಯಾನಿಷ್ ಕಲಿಸಲು ಸುಮಾರು ಆರೇಳು ನೂರು ಗಂಟೆಯ ತರಗತಿ ಬೇಕೆಂದು ಲೆಕ್ಕ ಹಾಕಿದೆ. ಅದು ಕಚೇರಿಯ ಕೆಲಸ ನಡೆಸುವ ಮಟ್ಟ. ದಿನಕ್ಕೆ ಅರ್ಧ ಗಂಟೆಯಾದರೆ ವರ್ಷಕ್ಕೆ 180 ಗಂಟೆ ಚಿಲ್ಲರೆ, ಅಂದರೆ ಅಲ್ಲಿಗೆ ಮುಟ್ಟಲು ಮೂರು ನಾಲ್ಕು ವರ್ಷ. ಆದರೆ ನಮಗೆ ಕಚೇರಿ ಬೇಡ, ಮೊಣಕಾಲು ನೋವು ಹೇಳಿಕೊಳ್ಳುವಷ್ಟು ಸಾಕು. ಅಷ್ಟಕ್ಕೆ ಒಂದು ವರ್ಷ ಧಾರಾಳ. ತೆಂಗಿನ ಸಸಿ ನೆಟ್ಟು ವರ್ಷಗಟ್ಟಲೆ ಕಾಯುವ ಊರಿನವರು ನಾವು, ಒಂದು ವರ್ಷ ದೊಡ್ಡದೇ? ಒಂದು ದಿನ ತಪ್ಪಿದರೆ ಮರುದಿನ ಮುಂದುವರಿಸಿ. ಹಬ್ಬ, ನೆಂಟರು, ಜ್ವರ, ಇವೆಲ್ಲ ಇದ್ದದ್ದೇ.

ನಿಮ್ಮ ಮನೆಗೆ ಸ್ಪೇನಿನ ನೆಂಟಸ್ತಿಕೆ ಇಲ್ಲದಿರಬಹುದು. ಆದರೆ ಪಕ್ಕದ ಮನೆಗೆ ಉತ್ತರದಿಂದ ವರ್ಗವಾಗಿ ಬಂದ ಹೆಂಗಸು ಇರಬಹುದು, ಮಗಳನ್ನು ಕೊಟ್ಟ ಮನೆಯವರು ತೆಲುಗಿನವರೋ, ಮರಾಠಿಯವರೋ ಇರಬಹುದು. ಆ ಭಾಷೆಗೂ ದಾರಿ ಇದೇ. ಈ ಹದಿನೈದು ದಿನ ಒಂದು ಕೆಲಸ ಮಾಡಿ. ನಿಮಗೆ ಬೇಕಾದ ಭಾಷೆಯಲ್ಲಿ, ನಿಮಗೆ ಮೊದಲೇ ಗೊತ್ತಿರುವ ಒಂದು ಕಥೆಯನ್ನೋ, ಅಡುಗೆಯನ್ನೋ ದಿನಾ ಹದಿನೈದು ನಿಮಿಷ ಕೇಳಿ. ಬರೆದುಕೊಳ್ಳಬೇಡಿ, ಉರು ಹೊಡೆಯಬೇಡಿ. ಹದಿನೈದನೆಯ ದಿನ ಎಷ್ಟು ಪದ ತಾನಾಗಿ ಉಳಿದಿದೆ ಎಂದು ಎಣಿಸಿ, ನನಗೊಂದು ಕಾಗದ ಹಾಕಿ.

ಪಾಯಸ ಹೇಗಾಯಿತು ಅನ್ನೋದನ್ನೂ ಮರೆಯದೆ ಬರೆಯಿರಿ. ಬರಲಾ? ಮುಂದಿನ ಸಂಚಿಕೆಯಲ್ಲಿ ಉಪ್ಪಿನಕಾಯಿ ಖಂಡಿತ.